ಹೇಳಿದ ಮಾತು ಎಲ್ಲಿ ನಿಂತಿತು?

(ಸೈಟ್ ಎಂಜಿನಿಯರುಗಳು, ಮೇಸ್ತ್ರಿಗಳು ಮತ್ತು ಸೇಫ್ಟಿ ಕೆಲಸ ನೋಡಿಕೊಳ್ಳುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೆಲ್ಮೆಟ್ ಹಾಕಿಕೊಳ್ಳಿ, ಬೆಲ್ಟ್ ಕಟ್ಟಿಕೊಳ್ಳಿ ಅಂತ ಹೇಳೋಕೆ ನಾನು ಬಂದಿಲ್ಲ. ಅದನ್ನು ನೀವು ದಿನಾ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಹೇಳುತ್ತೀರಿ, ಇಲ್ಲವೇ ಕೇಳುತ್ತೀರಿ. ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಬೇರೆ. ಸೈಟಿನಲ್ಲಿ ಒಬ್ಬರ ಕಣ್ಣಿಗೆ ಅಪಾಯ ಬೀಳುತ್ತದೆ. ಅವರು ಯಾರಿಗೋ ಹೇಳುತ್ತಾರೆ. ಆಮೇಲೆ ಆ ಮಾತು ಎಲ್ಲಿಗೆ ಹೋಗುತ್ತದೆ? ಯಾರ ಮೇಜಿನ ಮೇಲೆ ಕೂರುತ್ತದೆ? ಹೇಳಿದವರಿಗೆ ಏನಾದರೂ ಉತ್ತರ ಬರುತ್ತದಾ?

ಇದನ್ನೇ ಯಾಕೆ ಹಿಡಿದುಕೊಂಡೆ ಅಂದರೆ, ದೊಡ್ಡ ದುರಂತಗಳ ತನಿಖಾ ವರದಿ ಓದುವಾಗ ಒಂದು ವಿಷಯ ಮತ್ತೆ ಮತ್ತೆ ಸಿಗುತ್ತದೆ. ಬಿದ್ದ ದಿನಕ್ಕೆ ಮುಂಚೆಯೇ ಯಾರೋ ನೋಡಿರುತ್ತಾರೆ. ಬಾಯಿಬಿಟ್ಟು ಹೇಳಿಯೂ ಇರುತ್ತಾರೆ. ಆದರೂ ಕೆಲಸ ನಿಂತಿರುವುದಿಲ್ಲ.

ಇದಕ್ಕೆ ನನಗೆ ಗೊತ್ತಿರುವ ಅತಿ ಸ್ಪಷ್ಟ ಉದಾಹರಣೆ 1907ರದ್ದು. ಕೆನಡಾದ ಕ್ವಿಬೆಕ್ ನಗರದ ಹತ್ತಿರ ಸೇಂಟ್ ಲಾರೆನ್ಸ್ ನದಿಗೆ ಉಕ್ಕಿನ ಸೇತುವೆ ಕಟ್ಟುತ್ತಿದ್ದರು. ನಡುವಿನ ಅಂತರ 1,800 ಅಡಿ. ಮೊದಲು 1,600 ಅಡಿ ಅಂದುಕೊಂಡಿದ್ದರು, ಆಮೇಲೆ ಹೆಚ್ಚಿಸಿದರು. ಅಂತರ ಹೆಚ್ಚಾದರೆ ಸೇತುವೆಯ ಸ್ವಂತ ತೂಕವೂ ಜಾಸ್ತಿ ಆಗಬೇಕು, ಅಲ್ವಾ? ಆ ಲೆಕ್ಕವನ್ನು ಸರಿಯಾಗಿ ಹೊಸದಾಗಿ ಹಾಕಲೇ ಇಲ್ಲ. ಸಲಹೆಗಾರ ಎಂಜಿನಿಯರ್ ಥಿಯೋಡರ್ ಕೂಪರ್ ಆ ಕಾಲದ ದೊಡ್ಡ ಹೆಸರು. ಅವರು ಇದ್ದದ್ದು ನ್ಯೂಯಾರ್ಕಿನಲ್ಲಿ. ಸೈಟಿನಲ್ಲಿ ಅವರ ಪರವಾಗಿ ಕೆಲಸ ನೋಡುತ್ತಿದ್ದವರು ನಾರ್ಮನ್ ಮೆಕ್‌ಲೂರ್ ಎಂಬ ಕಿರಿಯ ಎಂಜಿನಿಯರ್.

ಆ ವರ್ಷದ ಆಗಸ್ಟಿನಲ್ಲಿ ಸೇತುವೆಯ ಕೆಳಭಾಗದಲ್ಲಿ ಭಾರ ಹೊರುವ ಉಕ್ಕಿನ ದೊಡ್ಡ ತೊಲೆಗಳು ಬಾಗುತ್ತಿರುವುದು ಮೆಕ್‌ಲೂರ್ ಕಣ್ಣಿಗೆ ಬಿತ್ತು. ಅವರು ಅಳತೆ ತೆಗೆದರು. ಕಾಗದ ಬರೆದರು. ನ್ಯೂಯಾರ್ಕಿನಿಂದ ಪ್ರಶ್ನೆಗಳು ಬಂದವು, ಇವರು ಉತ್ತರ ಬರೆದರು, ಮತ್ತೆ ಪ್ರಶ್ನೆಗಳು ಬಂದವು. ಹೀಗೇ ವಾರಗಳು ಕಳೆದವು. ಕೆಲವರು "ಆ ತೊಲೆ ಮೊದಲಿಂದಲೂ ಸೊಟ್ಟಗೇ ಇತ್ತು" ಅಂತ ವಾದ ಮಾಡಿದರು. 27ನೇ ತಾರೀಖು ಒಂದು ತೊಲೆಯನ್ನು ಮತ್ತೆ ಅಳೆದರು. ಒಂದು ವಾರದ ಹಿಂದೆ ಮುಕ್ಕಾಲು ಇಂಚು ಇದ್ದ ಬಾಗು ಈಗ ಎರಡು ಇಂಚು ದಾಟಿತ್ತು. ಸೈಟಿನ ಫೋರ್‌ಮನ್ ಕೆಲಸ ನಿಲ್ಲಿಸುತ್ತೇನೆ ಅಂದವನು, ಮರುದಿನ ಮನಸ್ಸು ಬದಲಾಯಿಸಿ ಕೆಲಸ ಮುಂದುವರಿಸಿದ. ಮೆಕ್‌ಲೂರ್ ರೈಲು ಹತ್ತಿ ನ್ಯೂಯಾರ್ಕಿಗೆ ಹೊರಟರು.

29ರ ಬೆಳಿಗ್ಗೆ ಅವರು ಕೂಪರ್ ಅವರನ್ನು ಕಂಡರು. ಕೂಪರ್‌ಗೆ ವಿಷಯದ ಗಂಭೀರತೆ ತಕ್ಷಣ ಅರ್ಥವಾಯಿತು. ಸೇತುವೆಯ ಮೇಲೆ ಇನ್ನು ಭಾರ ಹಾಕಬೇಡಿ ಅಂತ ತಂತಿ ಸಂದೇಶ ಕಳಿಸಿದರು. ಆದರೆ ಅದು ಹೋಗಿದ್ದು ಸೈಟಿಗಲ್ಲ. ಪೆನ್ಸಿಲ್ವೇನಿಯಾದ ಫೀನಿಕ್ಸ್‌ವಿಲ್‌ನಲ್ಲಿದ್ದ, ಸೇತುವೆ ಕಟ್ಟುತ್ತಿದ್ದ ಕಂಪನಿಯ ಆಫೀಸಿಗೆ. ಸೈಟಿಗೆ ಯಾರೂ ತಂತಿ ಕೊಡಲಿಲ್ಲ. ಸಂಜೆ ಫೀನಿಕ್ಸ್‌ವಿಲ್‌ನಲ್ಲಿ ದೊಡ್ಡವರು ಸೇರಿ ಮಾತಾಡಿದರು. ನಾಳೆ ನೋಡೋಣ ಅಂದುಕೊಂಡರು. ಅದೇ ಸಂಜೆ, ಕೆಲಸ ಬಿಡುವ ಹೊತ್ತಿಗೆ, ಸೇತುವೆ ನದಿಗೆ ಬಿತ್ತು. ಮೇಲೆ 86 ಜನ ಇದ್ದರು. 75 ಜನ ಸತ್ತರು. ಅದರಲ್ಲಿ ತುಂಬಾ ಜನ ಕಾನವಾಕೆ ಎಂಬ ಊರಿನ ಮೊಹಾಕ್ ಜನಾಂಗದವರು. ಒಂದೇ ಊರಿನ ಅಷ್ಟು ಮನೆಗಳು ಒಂದೇ ಸಂಜೆ ಗಂಡಸರನ್ನು ಕಳೆದುಕೊಂಡವು.

ಈಗ ಇದನ್ನು ಇವತ್ತಿನ ಚೆಕ್‌ಲಿಸ್ಟ್ ಹಿಡಿದು ನೋಡಿ. ತಪಾಸಣೆ ಆಗಿತ್ತಾ? ಆಗಿತ್ತು. ಅಳತೆ ದಾಖಲಾಗಿತ್ತಾ? ಆಗಿತ್ತು. ಮೇಲಿನವರಿಗೆ ತಿಳಿಸಿದ್ದರಾ? ತಿಳಿಸಿದ್ದರು. ಎಲ್ಲದಕ್ಕೂ ಟಿಕ್ ಬೀಳುತ್ತದೆ. ಇಲ್ಲದ್ದು ಒಂದೇ. ಅಪಾಯ ನೋಡಿದವರ ಪಕ್ಕದಲ್ಲಿ "ನಿಲ್ಲಿಸಿ, ಎಲ್ಲರೂ ಕೆಳಗಿಳಿಯಿರಿ" ಅನ್ನುವ ಅಧಿಕಾರ ಇರುವವರು ಯಾರೂ ಇರಲಿಲ್ಲ. ಇದ್ದರೂ, ಆ ಅಧಿಕಾರ ತನಗಿದೆ ಅಂತ ನಂಬಿದವರು ಇರಲಿಲ್ಲ.

ತಪಾಸಣೆ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ನೋಡುವ ಕಣ್ಣಿನ ಬಗ್ಗೆ ಮಾತಾಡುತ್ತೇವೆ. ನೋಡುವುದನ್ನು ಕಲಿಯಬೇಕು, ನಿಜ. ಮೊದಲು ಅದನ್ನೇ ಹೇಳುತ್ತೇನೆ.

ಸಾರವೆ ತೆಗೆದುಕೊಳ್ಳಿ. ಹೆಚ್ಚಿನವರು ಸಾರವೆ ತಪಾಸಣೆ ಅಂದರೆ ತಲೆ ಎತ್ತಿ ಮೇಲೆ ನೋಡುತ್ತಾರೆ. ಅಂಚಿನಲ್ಲಿ ಹಿಡಿದುಕೊಳ್ಳುವ ಪೈಪು ಇದೆಯಾ, ಹಲಗೆ ಇದೆಯಾ, ಬೆಲ್ಟ್ ಹಾಕಿದ್ದಾರಾ. ನಾನು ಮೊದಲು ಕೆಳಗೆ ನೋಡಿ ಅನ್ನುತ್ತೇನೆ. ನಿಂತ ಪೈಪಿನ ಬುಡದಲ್ಲಿ ಬೇಸ್ ಪ್ಲೇಟ್, ಅಂದರೆ ಅಗಲದ ಕಬ್ಬಿಣದ ತಟ್ಟೆ, ಇದೆಯಾ? ಅದರ ಕೆಳಗೆ ಅಡಿ ಹಲಗೆ ಇದೆಯಾ, ಅಥವಾ ಯಾರೋ ಎರಡು ಇಟ್ಟಿಗೆ ತುರುಕಿದ್ದಾರಾ? ಇಟ್ಟಿಗೆ ಒಂದು ದಿನ ನಿಲ್ಲುತ್ತದೆ, ಎರಡು ದಿನ ನಿಲ್ಲುತ್ತದೆ. ಕ್ಯೂರಿಂಗ್‌ಗೆ ಅಂತ ಕಾಂಕ್ರೀಟಿಗೆ ಹಾಯಿಸುವ ನೀರು ಅದರ ಬುಡದಲ್ಲೇ ಹರಿದು ಮಣ್ಣು ಮೆತ್ತಗಾದ ದಿನ ಒಂದು ಕಾಲು ಮಾತ್ರ ಕುಸಿಯುತ್ತದೆ. ಆಗ ಮೇಲಿನ ಭಾರ ಅಷ್ಟೂ ಪಕ್ಕದ ಕಾಲುಗಳಿಗೆ ಹೋಗುತ್ತದೆ.

ಆಮೇಲೆ ಸಾರವೆ ವಾಲದಂತೆ ಅದನ್ನು ಗೋಡೆಗೆ ಬಿಗಿದಿಡುವ ಟೈಗಳನ್ನು ನೋಡಿ. ಅಗಲದ ನಾಲ್ಕು ಪಟ್ಟಿಗಿಂತ ಎತ್ತರ ಜಾಸ್ತಿ ಆದ ಸಾರವೆಯನ್ನು ಕಟ್ಟದೆ ಬಿಡಬಾರದು ಅಂತ ಅಮೆರಿಕದ ನಿಯಮ ಹೇಳುತ್ತದೆ. ಕಟ್ಟುವಾಗ ಎಲ್ಲರೂ ಟೈ ಕಟ್ಟುತ್ತಾರೆ. ತೊಂದರೆ ಬರುವುದು ಕಟ್ಟಿದ ಮೇಲೆ. ಪ್ಲಾಸ್ಟರಿಂಗ್‌ನವನಿಗೆ ಟೈ ಅಡ್ಡ ಬರುತ್ತದೆ, ಬಿಚ್ಚುತ್ತಾನೆ. ಕಿಟಕಿ ಕೂರಿಸುವವನಿಗೆ ಇನ್ನೊಂದು ಅಡ್ಡ ಬರುತ್ತದೆ, ಅವನೂ ಬಿಚ್ಚುತ್ತಾನೆ. ಇಬ್ಬರೂ ಆಮೇಲೆ ಹಾಕೋಣ ಅಂತಲೇ ಬಿಚ್ಚಿರುತ್ತಾರೆ. ಇಬ್ಬರೂ ಬೇರೆ ಬೇರೆ ಕಂಟ್ರಾಕ್ಟರ್ ಕಡೆಯವರು. ಒಬ್ಬ ಬಿಚ್ಚಿದ್ದು ಇನ್ನೊಬ್ಬನಿಗೆ ಗೊತ್ತಿರುವುದಿಲ್ಲ. ಹತ್ತಬಹುದು ಅಂತ ಸಾರವೆ ಮೇಲೆ ತೂಗುಹಾಕಿದ ಹಸಿರು ಕಾರ್ಡು ಮಾತ್ರ ಇನ್ನೂ ಹಸಿರಾಗಿಯೇ ಇರುತ್ತದೆ. ಏಕೆಂದರೆ ಕಾರ್ಡು ಬರೆದ ದಿನ ಎಲ್ಲ ಸರಿ ಇತ್ತು.

ಅದಕ್ಕೇ ತಪಾಸಣೆಗೆ ಒಂದು ಗಡುವು ಇಟ್ಟಿದ್ದಾರೆ. ಬ್ರಿಟನ್ನಿನಲ್ಲಿ 2 ಮೀಟರ್ ಅಥವಾ ಅದಕ್ಕಿಂತ ಮೇಲಿಂದ ಬೀಳುವ ಸಾಧ್ಯತೆ ಇರುವ ಸಾರವೆಯನ್ನು ಮೊದಲ ಸಲ ಬಳಸುವ ಮುಂಚೆ ನೋಡಬೇಕು, ಆಮೇಲೆ 7 ದಿನ ದಾಟದಂತೆ ನೋಡುತ್ತಿರಬೇಕು, ಜೋರು ಗಾಳಿ ಮಳೆ ಬಂದರೆ ಮತ್ತೆ ನೋಡಬೇಕು. ಅಮೆರಿಕದಲ್ಲಿ ಪ್ರತಿ ಶಿಫ್ಟ್ ಶುರುವಾಗುವ ಮುಂಚೆ ನೋಡಬೇಕು. ಎರಡರಲ್ಲಿ ನನಗೆ ಎರಡನೆಯದೇ ಇಷ್ಟ. ಏಳು ದಿನದಲ್ಲಿ ಎಷ್ಟು ಟೈ ಬಿಚ್ಚಬಹುದು ಅಂತ ಸೈಟಿನಲ್ಲಿ ಇದ್ದವರಿಗೆ ಗೊತ್ತು.

ಇನ್ನೊಂದು ಚಿಕ್ಕ ವಿಷಯ. ಸ್ಲ್ಯಾಬಿನಲ್ಲಿ ಪೈಪಿಗೋ ಡಕ್ಟಿಗೋ ಬಿಟ್ಟ ತೂತು. ಅದರ ಮೇಲೆ ಪ್ಲೈವುಡ್ ಹಾಕಿ ಮುಚ್ಚುತ್ತಾರೆ. ಚೆಕ್‌ಲಿಸ್ಟಿನಲ್ಲಿ "ತೂತುಗಳನ್ನು ಮುಚ್ಚಿದೆಯೇ?" ಅಂತ ಇರುತ್ತದೆ. ಮುಚ್ಚಿದೆ, ಟಿಕ್. ಆದರೆ ಆ ಪ್ಲೈವುಡ್ಡಿಗೆ ಮೊಳೆ ಹೊಡೆದಿಲ್ಲ, ಅದರ ಮೇಲೆ ಏನೂ ಬರೆದಿಲ್ಲ. ಮಧ್ಯಾಹ್ನ ಬಡಗಿಗೆ ಒಂದು ಪ್ಲೈವುಡ್ ತುಂಡು ಬೇಕಾಗುತ್ತದೆ. ಸುಮ್ನೆ ಬಿದ್ದಿದೆ ಅಂದುಕೊಂಡು ಎರಡೂ ಕೈಯಲ್ಲಿ ಎತ್ತುತ್ತಾನೆ. ಹಲಗೆ ಅವನ ಕಣ್ಣಿಗೆ ಅಡ್ಡ ಬರುತ್ತದೆ. ಒಂದು ಹೆಜ್ಜೆ ಮುಂದೆ ಇಡುತ್ತಾನೆ. ತೂತನ್ನು ಮುಚ್ಚಿದ ಹಲಗೆಯೇ ಅವನನ್ನು ತೂತಿಗೆ ಕರೆದುಕೊಂಡು ಹೋಗುತ್ತದೆ. ಇಂಥ ಅಪಘಾತ ಎಷ್ಟು ಸಾಮಾನ್ಯ ಅಂದರೆ, ಮುಚ್ಚಳ ಜರುಗದಂತೆ ಬಿಗಿದಿರಬೇಕು, ಮೇಲೆ ಬೀಳುವ ಭಾರದ ಎರಡರಷ್ಟು ತಡೆಯಬೇಕು, ಕೆಳಗೆ ತೂತಿದೆ ಅಂತ ಗುರುತು ಇರಬೇಕು ಅಂತ ಅಮೆರಿಕದ ನಿಯಮದಲ್ಲಿ ಬಿಡಿಸಿ ಬರೆದಿದ್ದಾರೆ. ನೀವು ತಪಾಸಣೆಗೆ ಹೋದಾಗ ಮುಚ್ಚಳವನ್ನು ನೋಡಿ ಬರಬೇಡಿ. ಬೂಟಿನಿಂದ ಒಮ್ಮೆ ತಳ್ಳಿ ನೋಡಿ. ಜರುಗಿದರೆ ಅದು ಮುಚ್ಚಳ ಅಲ್ಲ.

ಮಣ್ಣು ಅಗೆತಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮಣ್ಣನ್ನು ಜನ ತುಂಬಾ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್‌ಗಿಂತ ಹೆಚ್ಚೇ ತೂಗುತ್ತದೆ. ಅಂದರೆ ಒಂದು ಕಾರಿನ ತೂಕ. ಎದೆಮಟ್ಟ ಹೂತುಕೊಂಡವನು ತಲೆ ಹೊರಗಿದ್ದರೂ ಸಾಯಬಹುದು. ಪ್ರತಿ ಸಲ ಉಸಿರು ಬಿಟ್ಟಾಗ ಮಣ್ಣು ಇನ್ನಷ್ಟು ಬಿಗಿಯುತ್ತದೆ, ಮತ್ತೆ ಉಸಿರು ಎಳೆದುಕೊಳ್ಳೋಕೆ ಜಾಗ ಇರುವುದಿಲ್ಲ. ಅವನನ್ನು ಎಳೆಯೋಕೆ ಇನ್ನೊಬ್ಬ ಧುಮುಕುತ್ತಾನೆ, ಎರಡನೇ ಕಡೆಯ ಗೋಡೆ ಅವನ ಮೇಲೆ ಬೀಳುತ್ತದೆ.

ಗುಂಡಿಯ ತಪಾಸಣೆ ಅಂದರೆ ಜನ ಅಂಚಿಗೆ ಬಂದು ಬಗ್ಗಿ ಒಳಗೆ ನೋಡುತ್ತಾರೆ. ನೋಡಬೇಕಾದ ಬಿರುಕು ಹೆಚ್ಚಾಗಿ ಅವರ ಬೆನ್ನ ಹಿಂದೆ ಇರುತ್ತದೆ. ಗೋಡೆ ಕುಸಿಯುವ ಮುಂಚೆ ನೆಲದ ಮೇಲೆ ಅಂಚಿಗೆ ಸಮಾನಾಂತರವಾಗಿ ಒಂದು ಸಣ್ಣ ಬಿರುಕು ಬಿಡುತ್ತದೆ. ಅದು ಸಾಮಾನ್ಯವಾಗಿ ಗುಂಡಿಯ ಆಳದ ಅರ್ಧದಿಂದ ಮುಕ್ಕಾಲು ಭಾಗದಷ್ಟು ದೂರದಲ್ಲಿ ಬರುತ್ತದೆ. ಮೂರು ಮೀಟರ್ ಆಳ ಇದ್ದರೆ ಅಂಚಿನಿಂದ ಒಂದೂವರೆ ಮೀಟರಿನಿಂದ ಎರಡೂಕಾಲು ಮೀಟರ್ ಹಿಂದೆ ಹುಡುಕಿ. ಹೆಚ್ಚಿನ ಸೈಟುಗಳಲ್ಲಿ ಸರಿಯಾಗಿ ಅದೇ ಜಾಗದ ಮೇಲೆ ಅಗೆದ ಮಣ್ಣಿನ ಗುಡ್ಡೆ ಕೂತಿರುತ್ತದೆ. ಬಿರುಕೂ ಕಾಣಿಸುವುದಿಲ್ಲ, ಮೇಲಿನ ಭಾರವೂ ಜಾಸ್ತಿ. ಮಣ್ಣಿನ ಗುಡ್ಡೆ ಅಂಚಿನಿಂದ ಕನಿಷ್ಠ 2 ಅಡಿ ದೂರ ಇರಬೇಕು ಅನ್ನುವುದು ಅಮೆರಿಕದ ನಿಯಮ. ಕನಿಷ್ಠ ಅಂದರೆ ಅದಕ್ಕಿಂತ ಕಡಿಮೆ ಬೇಡ ಅಂತ. ಎರಡಡಿ ಬಿಟ್ಟರೆ ಸಾಕು ಅಂತಲ್ಲ.

ಕಣ್ಣಿಗೆ ಕಾಣದ್ದನ್ನೂ ತಪಾಸಣೆ ಮಾಡಬೇಕಾಗುತ್ತದೆ. 1978ರ ಏಪ್ರಿಲ್ 27ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ವಿಲ್ಲೋ ಐಲ್ಯಾಂಡ್‌ನಲ್ಲಿ ವಿದ್ಯುತ್ ಸ್ಥಾವರದ ಕೂಲಿಂಗ್ ಟವರ್ ಕಟ್ಟುತ್ತಿದ್ದರು. ಸಾರವೆ ನೆಲದ ಮೇಲೆ ನಿಂತಿರಲಿಲ್ಲ. ಹಿಂದಿನ ದಿನ ಹಾಕಿದ ಕಾಂಕ್ರೀಟಿಗೇ ಬೋಲ್ಟ್ ಹಾಕಿ ನೇತುಹಾಕಿದ್ದರು. ದಿನಕ್ಕೊಂದು ಸುತ್ತು ಕಾಂಕ್ರೀಟ್, ದಿನಕ್ಕೊಂದು ಸುತ್ತು ಸಾರವೆ ಮೇಲಕ್ಕೆ. ಆ ಕಾಂಕ್ರೀಟ್ ಇನ್ನೂ ಸಾಕಷ್ಟು ಗಟ್ಟಿಯಾಗಿರಲಿಲ್ಲ. ಅವತ್ತು ಹೊಸ ಕಾಂಕ್ರೀಟ್ ಮೇಲಕ್ಕೆ ಎತ್ತುವಾಗ ಅದು ಒಡೆದು, ಸಾರವೆ ಸುತ್ತಲೂ ಕಳಚಿಕೊಂಡು ಬಿತ್ತು. 51 ಜನ ಸತ್ತರು. ಮೇಲೆ ಇದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಅವರ ಬೆಲ್ಟ್ ನೋಡಿದರೆ ಏನು ಗೊತ್ತಾಗುತ್ತಿತ್ತು? ಹೆಲ್ಮೆಟ್ ನೋಡಿದರೆ? ಅಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ನಿನ್ನೆಯ ಕಾಂಕ್ರೀಟಿನ ಗಟ್ಟಿತನ ಇವತ್ತು ಎಷ್ಟಿದೆ, ಅದನ್ನು ಅಳೆದವರು ಯಾರು? ಚಳಿ ಇದ್ದಾಗ ಕಾಂಕ್ರೀಟ್ ನಿಧಾನವಾಗಿ ಗಟ್ಟಿಯಾಗುತ್ತದೆ. ಕ್ಯಾಲೆಂಡರ್‌ಗೆ ಅದು ಗೊತ್ತಿಲ್ಲ. ಹಸಿ ಕಾಂಕ್ರೀಟನ್ನು ಹೊತ್ತು ನಿಂತ ಸೆಂಟ್ರಿಂಗ್ ಬಿಚ್ಚುವಾಗಲೂ ಇದೇ ಮಾತು.

ಹೆಲ್ಮೆಟ್ ವಿಷಯ ಬಂತಲ್ಲ, ಒಂದು ಹಳೇ ಲೆಕ್ಕದ ಬಗ್ಗೆ ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕದ ಒಂದು ವಿಮಾ ಕಂಪನಿಯಲ್ಲಿದ್ದ ಹರ್ಬರ್ಟ್ ಹೈನ್‌ರಿಕ್ 1931ರಲ್ಲಿ ಎರಡು ಅಂಕಿ ಜನಪ್ರಿಯ ಮಾಡಿದರು. ಒಂದು, ಪ್ರತಿ ದೊಡ್ಡ ಗಾಯದ ಹಿಂದೆ 29 ಸಣ್ಣ ಗಾಯ, 300 ಗಾಯವಿಲ್ಲದ ಘಟನೆ ಇರುತ್ತವೆ ಅನ್ನುವುದು. ಇನ್ನೊಂದು, 100ರಲ್ಲಿ 88 ಅಪಘಾತಕ್ಕೆ ಕಾರ್ಮಿಕರ ತಪ್ಪು ನಡೆಯೇ ಕಾರಣ ಅನ್ನುವುದು. ಈ ಎರಡನೇ ಅಂಕಿ ಇವತ್ತಿಗೂ ಪೋಸ್ಟರುಗಳಲ್ಲಿ ಓಡಾಡುತ್ತಿದೆ. ಅದು ಬಂದದ್ದು ಎಲ್ಲಿಂದ? ವಿಮೆಯ ಕಡತಗಳಿಂದ ಮತ್ತು ಕಾರ್ಖಾನೆಯವರ ದಾಖಲೆಗಳಿಂದ. ಆ ಕಾಗದ ಬರೆದವರು ಯಾರು? ಮೇಲ್ವಿಚಾರಕರು ಮತ್ತು ಮಾಲೀಕರ ಕಡೆಯವರು. "ಏಣಿ ಕಟ್ಟಿರಲಿಲ್ಲ" ಅಂತ ಬರೆದರೆ ತಮ್ಮ ಮೇಲೇ ಬರುತ್ತದೆ. "ಎಚ್ಚರ ತಪ್ಪಿದ" ಅಂತ ಬರೆದರೆ ಬರುವುದಿಲ್ಲ. ಅಂಥ ಕಾಗದಗಳನ್ನು ಕೂಡಿಸಿದರೆ ಕಾರ್ಮಿಕನದೇ ತಪ್ಪು ಅಂತ ಬರದೆ ಇನ್ನೇನು ಬರುತ್ತದೆ?

ಆದರೂ ಆ ಲೆಕ್ಕ ತಪಾಸಣೆಯ ದಾರಿಯನ್ನೇ ತಿರುಗಿಸಿಬಿಟ್ಟಿತು. ತಪಾಸಣೆಗೆ ಬಂದವರು ಜನರನ್ನು ನೋಡುತ್ತಾರೆ, ಜಾಗವನ್ನು ನೋಡುವುದಿಲ್ಲ. ಯಾರು ಬೆಲ್ಟ್ ಹಾಕಿಲ್ಲ ಅಂತ ಹೆಸರು ಬರೆದುಕೊಳ್ಳುತ್ತಾರೆ. ಬೆಲ್ಟಿನ ಕೊಕ್ಕೆ ಸಿಕ್ಕಿಸೋಕೆ ಅಲ್ಲಿ ಲೈಫ್‌ಲೈನ್ ಇದೆಯಾ ಅಂತ ನೋಡುವುದಿಲ್ಲ. ಇದರ ಫಲ ಏನು ಗೊತ್ತಾ? ಸೇಫ್ಟಿಯವರು ಬಂದರು ಅಂದರೆ ಕೆಲಸಗಾರರು ಮಾತು ನಿಲ್ಲಿಸುತ್ತಾರೆ. ಎಲ್ಲಿ ಏನು ಕೆಟ್ಟಿದೆ ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವವರು ಅವರೇ. ಅವರ ಬಾಯಿಯೇ ಮುಚ್ಚಿಹೋಗುತ್ತದೆ.

ಈಗ ವರದಿ. ಮೊದಲು ಹೇಗೆ ಹೇಳಬೇಕು ಅನ್ನುವುದು.

"ಸಾರವೆ ಸರಿ ಇಲ್ಲ, ಗಮನಿಸಿ." ಇಂಥ ವರದಿ ದಿನಾ ಬರುತ್ತದೆ. ಓದಿದವರು ಏನು ಮಾಡಬೇಕು? ಗಮನಿಸುತ್ತಾರೆ, ಅಷ್ಟೇ. ಅದರ ಬದಲು ಹೀಗೆ ಬಂದರೆ: "ಎರಡನೇ ಬ್ಲಾಕ್, ಉತ್ತರದ ಗೋಡೆ, ನಾಲ್ಕನೇ ಮಹಡಿ ಎತ್ತರದಲ್ಲಿ ಗೋಡೆಯ ಮೂರು ಟೈ ಬಿಚ್ಚಿವೆ. ಮೇಲೆ ಪ್ಲಾಸ್ಟರಿಂಗ್‌ನ ಐದು ಜನ ಇದ್ದರು, ಇಳಿಸಿದ್ದೇನೆ. ಏಣಿಗೆ ಅಡ್ಡ ಕಟ್ಟಿದ್ದೇನೆ. ಸಾರವೆ ಗ್ಯಾಂಗಿನವರು ಬಂದು ಟೈ ಹಾಕಬೇಕು." ಎಲ್ಲಿ, ಏನು, ಯಾರಿಗೆ ಅಪಾಯ, ಈಗ ಏನು ಮಾಡಿದೆ, ಮುಂದೆ ಯಾರು ಏನು ಮಾಡಬೇಕು, ಎಲ್ಲ ಬಂತು. ಉದ್ದ ಬೇಕಿಲ್ಲ. ಬರೆಯೋಕೆ ಬಾರದವರು ಫೋನಿನಲ್ಲಿ ಮಾತಾಡಿ ಕಳಿಸಲಿ. ಭಾಷೆ ಬೇರೆ ಇರುವವರು ಕರೆದುಕೊಂಡು ಹೋಗಿ ಕೈ ತೋರಿಸಲಿ. ಫೋಟೋ ತೆಗೆದರೆ ಎರಡು ತೆಗೆಯಿರಿ. ಹತ್ತಿರದಿಂದ ಒಂದು, ಜಾಗ ಗೊತ್ತಾಗುವ ಹಾಗೆ ದೂರದಿಂದ ಒಂದು. ಬರೀ ಹತ್ತಿರದ ಫೋಟೋ ನೋಡಿ ಯಾವ ಬ್ಲಾಕು ಅಂತ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ.

ವಾಟ್ಸ್ಆ್ಯಪ್ ಗ್ರೂಪ್ ಬಗ್ಗೆ ಒಂದು ಮಾತು. ತುಂಬಾ ಜನ ಇರುವ ಗ್ರೂಪಿಗೆ ಫೋಟೋ ಹಾಕುತ್ತಾರೆ. ಹತ್ತು ಜನ ಹೆಬ್ಬೆರಳು ಎತ್ತುತ್ತಾರೆ. ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ. ಕ್ವಿಬೆಕ್‌ನಲ್ಲಿ ತಂತಿ ತಪ್ಪು ಊರಿಗೆ ಹೋಯಿತು. ಇಲ್ಲಿ ಎಲ್ಲರ ಕೈಗೂ ಹೋಗುತ್ತದೆ. ಕೆಲಸ ಆಗದೆ ಉಳಿಯುವುದು ಮಾತ್ರ ಒಂದೇ ಥರ. ಗ್ರೂಪಿಗೆ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಒಬ್ಬರಿಗೆ ಹೆಸರಿಟ್ಟು ಫೋನ್ ಮಾಡಿ. "ನೀವು ನೋಡ್ಕೋತೀರಾ?" ಅಂತ ಕೇಳಿ, ಹ್ಞೂಂ ಅನ್ನಿಸಿಕೊಳ್ಳಿ.

ಹೇಳಿದ ಮೇಲೆ ಏನಾಗುತ್ತದೆ ಅನ್ನುವುದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಹೊಸದಾಗಿ ಬಂದ ಹುಡುಗನೊಬ್ಬ ಮೇಸ್ತ್ರಿಗೆ, "ಅಣ್ಣಾ, ಆ ಕೇಬಲ್ ನೀರಲ್ಲಿ ಬಿದ್ದಿದೆ, ಸಿಪ್ಪೆ ಬೇರೆ ಸುಲಿದಿದೆ" ಅನ್ನುತ್ತಾನೆ. ಮೇಸ್ತ್ರಿ, "ಬಿಡಪ್ಪ, ಎರಡು ದಿನದ ಕೆಲಸ, ನೋಡ್ಕೊಂಡು ಓಡಾಡು" ಅಂದರೆ ಅಲ್ಲಿಗೆ ಮುಗಿಯಿತು. ಆ ಹುಡುಗ ಮುಂದೆ ಯಾವುದನ್ನೂ ಹೇಳುವುದಿಲ್ಲ. ನಾಳೆ ಕ್ರೇನಿಗೆ ಭಾರ ಕಟ್ಟುವ ಸ್ಲಿಂಗಿನ ಎಳೆ ಕಿತ್ತಿರುವುದು ಕಂಡರೂ ಹೇಳುವುದಿಲ್ಲ. ಅದೇ ಮೇಸ್ತ್ರಿ, "ಎಲ್ಲಿ, ತೋರಿಸು" ಅಂತ ಎದ್ದು ಬಂದರೆ, ಆ ಎರಡು ಶಬ್ದಕ್ಕೆ ಯಾವ ತರಬೇತಿಗೂ ಇಲ್ಲದ ಬೆಲೆ ಇದೆ. ಸರಿಪಡಿಸೋಕೆ ಆಗದಿದ್ದರೂ ಪರವಾಗಿಲ್ಲ. "ನೋಡಿದೆ, ಎಂಜಿನಿಯರ್ ಹತ್ತಿರ ಕೇಳಿದೆ, ಇಂಥ ಕಾರಣಕ್ಕೆ ಅದು ಅಪಾಯ ಅಲ್ಲ" ಅಂತ ಅದೇ ಶಿಫ್ಟಿನಲ್ಲಿ ವಾಪಸ್ ಹೇಳಿ.

ವರದಿಯನ್ನು ಯಾರು ಮುಚ್ಚಬೇಕು ಅನ್ನುವುದೂ ಇದಕ್ಕೇ ಸೇರಿದ್ದು. ರಿಜಿಸ್ಟರಿನಲ್ಲಿ ಕೊನೆಯ ಅಂಕಣ "ಕ್ಲೋಸ್" ಅಂತ ಇರುತ್ತದೆ. ಆಫೀಸಿನಲ್ಲಿ ಕೂತು ಅದನ್ನು ತುಂಬಿಸುತ್ತಾರೆ. ಹೇಳಿದವರನ್ನೇ ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿ, ಅವರು ಒಪ್ಪಿದ ಮೇಲೆ ಕ್ಲೋಸ್ ಮಾಡುವ ಪದ್ಧತಿ ಇಡಿ. ಅರ್ಧ ಕೆಲಸಕ್ಕೆ ಪೂರ್ತಿ ಟಿಕ್ ಹಾಕುವುದು ತಾನಾಗಿಯೇ ನಿಲ್ಲುತ್ತದೆ.

ಇಲ್ಲಿ ವಿಮಾನದವರಿಂದ ಕಲಿಯುವುದಿದೆ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಹತ್ತಿರ ಟಿಡಬ್ಲ್ಯೂಎ ಕಂಪನಿಯ 514ನೇ ವಿಮಾನ ಇಳಿಯುವಾಗ ಬೆಟ್ಟಕ್ಕೆ ಬಡಿದು 92 ಜನ ಸತ್ತರು. ಇಳಿಯುವ ಅನುಮತಿಯ ಮಾತನ್ನು ಪೈಲಟ್‌ಗಳು ಒಂದು ರೀತಿ, ಕಂಟ್ರೋಲ್‌ನವರು ಇನ್ನೊಂದು ರೀತಿ ಅರ್ಥ ಮಾಡಿಕೊಂಡಿದ್ದರು. ತನಿಖೆಯಲ್ಲಿ ಗೊತ್ತಾದದ್ದು ಏನೆಂದರೆ, ಕೆಲವೇ ವಾರಗಳ ಹಿಂದೆ ಯುನೈಟೆಡ್ ಕಂಪನಿಯ ವಿಮಾನವೊಂದು ಅದೇ ಜಾಗದಲ್ಲಿ ಅದೇ ಗೊಂದಲಕ್ಕೆ ಸಿಕ್ಕಿ ಸ್ವಲ್ಪದರಲ್ಲೇ ಪಾರಾಗಿತ್ತು. ಆ ಕಂಪನಿ ತನ್ನ ಪೈಲಟ್‌ಗಳಿಗೆ ಎಚ್ಚರಿಕೆ ಕೊಟ್ಟಿತು. ಬೇರೆ ಕಂಪನಿಗೆ ಆ ಮಾತು ತಲುಪುವ ದಾರಿಯೇ ಇರಲಿಲ್ಲ. ಅದಾದ ಮೇಲೆ 1976ರಲ್ಲಿ ಒಂದು ವರದಿ ವ್ಯವಸ್ಥೆ ಬಂತು. ಅದನ್ನು ನಡೆಸೋಕೆ ದಂಡ ಹಾಕುವ ಇಲಾಖೆಗೆ ಕೊಡಲಿಲ್ಲ, ನಾಸಾಗೆ ಕೊಟ್ಟರು. ವರದಿಯಿಂದ ಹೆಸರು ಕಿತ್ತುಹಾಕುತ್ತಾರೆ. ಬೇಕಂತಲೇ ಮಾಡದ ತಪ್ಪನ್ನು ಹತ್ತು ದಿನದೊಳಗೆ ತಾನೇ ಹೇಳಿಕೊಂಡವರಿಗೆ ದಂಡದಿಂದ ರಕ್ಷಣೆ ಸಿಗುತ್ತದೆ. ಕಟ್ಟಡಗಳ ವಿಷಯದಲ್ಲಿ ಬ್ರಿಟನ್ನಿನಲ್ಲಿ 2005ರಿಂದ ಕ್ರಾಸ್ ಎಂಬ ಇಂಥದೇ ಗೋಪ್ಯ ವ್ಯವಸ್ಥೆ ಇದೆ. ನಮ್ಮ ಪಾಠ ಸರಳ. ವರದಿ ತೆಗೆದುಕೊಳ್ಳುವವರು ಬೇರೆ ಇರಲಿ, ಶಿಕ್ಷೆ ಕೊಡುವವರು ಬೇರೆ ಇರಲಿ. ಒಂದೇ ಸೈಟಿನಲ್ಲಿ ನಾಲ್ಕು ಕಂಟ್ರಾಕ್ಟರ್ ಇದ್ದರೆ ಒಬ್ಬರ ಕಡೆ ತಪ್ಪಿದ ಅಪಾಯ ಉಳಿದ ಮೂವರಿಗೂ ಅದೇ ದಿನ ಗೊತ್ತಾಗಲಿ.

ಇದಕ್ಕೆ ಪೂರ್ತಿ ಉಲ್ಟಾ ಕೆಲಸ ಮಾಡುವುದು ಬಹುಮಾನದ ಬೋರ್ಡು. "ಅಪಘಾತವಿಲ್ಲದ ಇಷ್ಟು ದಿನ" ಅಂತ ಬೋರ್ಡು ಹಾಕಿ, ಗುರಿ ಮುಟ್ಟಿದರೆ ಇಡೀ ಗ್ಯಾಂಗಿಗೆ ಬಹುಮಾನ ಅಂತ ಹೇಳಿದರೆ ಅಪಘಾತ ಕಡಿಮೆ ಆಗುವುದಿಲ್ಲ, ಅಪಘಾತದ ಸುದ್ದಿ ಕಡಿಮೆ ಆಗುತ್ತದೆ. ಬೆರಳು ಜಜ್ಜಿಕೊಂಡವನು ಬಟ್ಟೆ ಸುತ್ತಿಕೊಂಡು ಸುಮ್ಮನಿರುತ್ತಾನೆ, ಇಲ್ಲದಿದ್ದರೆ ಜೊತೆಯವರ ಬಹುಮಾನ ಹೋಗುತ್ತದೆ. ಹಾಗೇ, ತಲೆಗೆ ತಿಂಗಳಿಗೆ ಇಷ್ಟು ವರದಿ ಕೊಡಲೇಬೇಕು ಅಂತ ಕಡ್ಡಾಯ ಮಾಡಿದರೆ ಕೊನೆಯ ವಾರ "ಕಸ ಬಿದ್ದಿದೆ" ಅನ್ನುವ ವರದಿಗಳ ಮಳೆ ಸುರಿಯುತ್ತದೆ.

ಇನ್ನು ನಿಲ್ಲಿಸುವ ಅಧಿಕಾರ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1988ರಲ್ಲಿ ಕಟ್ಟಡ ಕೆಲಸದ ಸುರಕ್ಷತೆಗಾಗಿಯೇ ಒಂದು ಒಪ್ಪಂದ ಮಾಡಿತು, ಅದರ ಸಂಖ್ಯೆ 167. ಅದರ 12ನೇ ವಿಧಿ ಎರಡು ಮಾತು ಹೇಳುತ್ತದೆ. ತಕ್ಷಣದ ಗಂಭೀರ ಅಪಾಯ ಇದೆ ಅಂತ ನಂಬೋಕೆ ಸರಿಯಾದ ಕಾರಣ ಇದ್ದರೆ ಅಲ್ಲಿಂದ ದೂರ ಸರಿಯುವ ಹಕ್ಕು ಕಾರ್ಮಿಕನಿಗೆ ಇದೆ, ಕೂಡಲೇ ಮೇಲ್ವಿಚಾರಕರಿಗೆ ತಿಳಿಸುವ ಕರ್ತವ್ಯವೂ ಇದೆ. ಅಂಥ ಅಪಾಯ ಇದ್ದಾಗ ಕೆಲಸ ನಿಲ್ಲಿಸಿ ಜನರನ್ನು ಹೊರಗೆ ಕಳಿಸಬೇಕಾದ್ದು ಮಾಲೀಕರ ಹೊಣೆ. "ನಂಬೋಕೆ ಕಾರಣ" ಅಂತಿದೆ, ಗಮನಿಸಿ. ಸಾಬೀತು ಮಾಡಿ ಅಂತ ಇಲ್ಲ. ಮೆಕ್‌ಲೂರ್ ಹತ್ತಿರ ಸಾಬೀತು ಇರಲಿಲ್ಲ, ಎರಡು ಇಂಚಿನ ಅಳತೆ ಇತ್ತು. ಅಷ್ಟು ಸಾಕಾಗಬೇಕಿತ್ತು. ಅನುಮಾನ ಬಂದಾಗ ಮೊದಲು ನಿಲ್ಲಿಸಿ, ಆಮೇಲೆ ಲೆಕ್ಕ ಹಾಕಿ. ಎರಡು ಗಂಟೆ ಕೆಲಸ ಸುಮ್ನೆ ನಿಂತಿತು ಅಂತ ಆಮೇಲೆ ಗೊತ್ತಾದರೆ ನಿಲ್ಲಿಸಿದವರನ್ನು ಬೈಯಬೇಡಿ. ಒಂದು ಸಲ ಬೈದರೆ ಮುಂದಿನ ಸಲ ಯಾರೂ ನಿಲ್ಲಿಸುವುದಿಲ್ಲ.

ನಾನು ಹೇಳಬೇಕಾದದ್ದು ಇಷ್ಟು. ಈಗ ನೀವು ಕೇಳಿ.

ನಾವು ಹೇಳಿದರೂ ಮೇಲಿನವರು ಕೇಳೋದೇ ಇಲ್ಲ ಅಂದ್ರೆ? ಸರ್ಕಾರಿ ಇನ್‌ಸ್ಪೆಕ್ಟರಿಗೆ ಹೇಳಿದರೆ ನಮ್ಮ ಹೆಸರು ಹೊರಗೆ ಬರುತ್ತಲ್ಲ ಸಾರ್?

ಭಯ ಸಹಜ. ಅದಕ್ಕೆ 1947ರಲ್ಲೇ ಉತ್ತರ ಬರೆದಿಟ್ಟಿದ್ದಾರೆ. ಕಾರ್ಮಿಕ ತಪಾಸಣೆಯ ಅಂತರರಾಷ್ಟ್ರೀಯ ಒಪ್ಪಂದದ 15ನೇ ವಿಧಿಯ ಪ್ರಕಾರ ದೂರು ಕೊಟ್ಟವರು ಯಾರು ಅನ್ನುವುದನ್ನು ಇನ್‌ಸ್ಪೆಕ್ಟರ್ ಪೂರ್ತಿ ಗುಟ್ಟಾಗಿ ಇಡಬೇಕು. ಅಷ್ಟೇ ಅಲ್ಲ, ದೂರು ಬಂದಿದ್ದಕ್ಕೇ ತಾನು ಬಂದೆ ಅನ್ನುವುದನ್ನೂ ಮಾಲೀಕರಿಗೆ ಹೇಳುವ ಹಾಗಿಲ್ಲ. ಮುಂಚೆ ತಿಳಿಸದೆ, ಹಗಲಾಗಲಿ ರಾತ್ರಿಯಾಗಲಿ ಒಳಗೆ ಬರುವ ಅಧಿಕಾರವನ್ನೂ ಅದೇ ಒಪ್ಪಂದ ಅವರಿಗೆ ಕೊಡುತ್ತದೆ. ನೀವು ದೂರು ಕೊಡುವಾಗ ತಾರೀಖು, ಜಾಗ, ಮೊದಲು ಯಾರಿಗೆ ಹೇಳಿದ್ದಿರಿ ಅನ್ನುವುದನ್ನು ಬರೆದಿಟ್ಟುಕೊಂಡು ಹೋಗಿ. ನಿಮ್ಮೊಬ್ಬರಿಗೇ ಗೊತ್ತಿರಬಹುದಾದ ವಿವರ ಇದ್ದರೆ ಅದನ್ನು ಮೊದಲೇ ಇನ್‌ಸ್ಪೆಕ್ಟರಿಗೆ ಹೇಳಿ, ಅವರು ಅದನ್ನು ಬಾಯಿಬಿಡದಂತೆ ನೋಡಿಕೊಳ್ಳುತ್ತಾರೆ.

ಕೆಲಸ ತಪ್ಪಿಸಿಕೊಳ್ಳೋಕೆ ಸುಳ್ಳು ಹೇಳ್ತಾರೆ. ಅಂಥವರನ್ನು ಏನ್ಮಾಡೋದು?

ಹೋಗಿ ನೋಡಿ. ಸುಳ್ಳು ಅಂತ ಗೊತ್ತಾಗೋಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ನೋಡದೆಯೇ ಸುಳ್ಳು ಅಂತ ತೀರ್ಮಾನ ಮಾಡುವವರನ್ನು ಏನು ಮಾಡಬೇಕು ಅನ್ನುವುದು ನನ್ನ ಪ್ರಶ್ನೆ. (ನಗು.)

ರಾತ್ರಿ ಜೋರು ಮಳೆ ಬಂತು. ಬೆಳಿಗ್ಗೆ ಜನ ಬರೋಕೆ ಅರ್ಧ ಗಂಟೆ ಇದೆ. ನಾನೊಬ್ಬನೇ ಇದ್ದೀನಿ. ಮೊದಲು ಎಲ್ಲಿಗೆ ಹೋಗ್ಲಿ?

ಒಳ್ಳೇ ಪ್ರಶ್ನೆ. ಮೊದಲು ಗುಂಡಿಗೆ. ಒಳಗೆ ಇಳಿಯಬೇಡಿ, ಅಂಚಿಗೂ ಹೋಗಬೇಡಿ. ದೂರದಿಂದಲೇ ನೆಲದ ಬಿರುಕು ನೋಡುತ್ತಾ ಸುತ್ತು ಬನ್ನಿ. ಒಳಗೆ ನೀರು ನಿಂತಿದ್ದರೆ ಇಳಿಯುವ ದಾರಿಗೆ ಅಡ್ಡ ಕಟ್ಟಿ, ಅವತ್ತು ಬೆಳಿಗ್ಗೆ ಅಲ್ಲಿ ಯಾರಿಗೂ ಕೆಲಸ ಇಲ್ಲ. ಆಮೇಲೆ ಕರೆಂಟ್ ಬೋರ್ಡು. ನೀರು ನುಗ್ಗಿದ್ದರೆ ಮುಟ್ಟಬೇಡಿ, ಎಲೆಕ್ಟ್ರಿಷಿಯನ್ ಬರುವವರೆಗೆ ಯಾರನ್ನೂ ಹತ್ತಿರ ಬಿಡಬೇಡಿ. ನೀರು ನುಗ್ಗಿಲ್ಲದಿದ್ದರೆ, ಸೋರುವ ಕರೆಂಟನ್ನು ಹಿಡಿದು ಕಡಿಯುವ ಬ್ರೇಕರ್ ಇರುತ್ತದಲ್ಲ, 30 ಮಿಲಿ ಆಂಪಿಯರಿನದು, ಅದರ ಟೆಸ್ಟ್ ಗುಂಡಿಯನ್ನು ಒಣಗಿದ ಕೈಯಲ್ಲಿ ಒತ್ತಿ ನೋಡಿ. ಒತ್ತಿದಾಗ ಅದು ಕರೆಂಟ್ ಕಡಿಯದಿದ್ದರೆ ಆ ಬೋರ್ಡಿನಿಂದ ಯಾವ ಮೆಷಿನ್ನೂ ಓಡಬಾರದು. ಮೂರನೆಯದು ಸಾರವೆಯ ಬುಡ. ಅಷ್ಟರಲ್ಲಿ ಜನ ಬಂದಿರುತ್ತಾರೆ. ಸಾರವೆ ಹತ್ತುವವರನ್ನು ಏಣಿಯ ಹತ್ತಿರವೇ ನಿಲ್ಲಿಸಿ, ಅವರ ಜೊತೆಗೇ ಉಳಿದದ್ದನ್ನು ನೋಡಿ ಮುಗಿಸಿ. ನಿಮ್ಮ ಕಣ್ಣು ತಪ್ಪಿದ್ದನ್ನು ಅವರು ತೋರಿಸುತ್ತಾರೆ.